ಚಲಾವಣೆಯಲ್ಲಿ ಸವೆದ ಹಾಲಿ ಸಿಕ್ಕಾ: ಅಂದವನ್ನು ನಾನು ಅಳೆಯುವ ಬಗೆ

ಕಲಬುರಗಿ ಸೀಮೆಯ ಹಳೆಯ ಮನೆಗಳಲ್ಲಿ ಉಳಿದು ಬಂದಿರುವ ಹಾಲಿ ಸಿಕ್ಕಾ, ಅಂದರೆ ಹೈದರಾಬಾದಿನ ನಿಜಾಮರು ತಮ್ಮ ಸಂಸ್ಥಾನಕ್ಕೆಂದು ಟಂಕಿಸಿದ ರೂಪಾಯಿಗಳೇ ನನ್ನ ಸಂಗ್ರಹದ ಬಹುಪಾಲು. ಹಿಜರಿ 1321ರಿಂದ, ಅಂದರೆ 1903–04ರಿಂದ, ಟಂಕಿಸಲಾದ ಚಾರ್‌ಮಿನಾರ್ ಚಿತ್ರದ ಈ ರೂಪಾಯಿ ಸುಮಾರು 11.18 ಗ್ರಾಂ ತೂಗುತ್ತದೆ. ಅದರಲ್ಲಿ ಬೆಳ್ಳಿ ಶೇ. 81.8ರಷ್ಟಿದೆ. ಜನರ ಕೈಯಲ್ಲಿ ಓಡಾಡಿದ ಇಂಥ ನಾಣ್ಯಗಳ ದರ್ಜೆ ನಿರ್ಧರಿಸುವಾಗ ಎಷ್ಟು ಸವೆದಿದೆ ಎಂಬುದನ್ನೂ, ಸವೆದ ಮೇಲೆ ಕಣ್ಣಿಗೆ ಹೇಗೆ ಒಪ್ಪುತ್ತದೆ ಎಂಬುದನ್ನೂ ನಾನು ಬೇರೆಬೇರೆಯಾಗಿಯೇ ಬರೆದಿಡುತ್ತೇನೆ.

ಮೊದಲ ನೋಟ ಭೂತಗನ್ನಡಿ ಇಲ್ಲದೆಯೇ ಆಗಬೇಕು. ನಾಣ್ಯದ ಅಂಚನ್ನು ಹಿಡಿದು, ಒಂದೇ ದೀಪದ ಕೆಳಗೆ ನಿಧಾನವಾಗಿ ಓರೆಮಾಡುತ್ತೇನೆ. ಆಮೇಲಷ್ಟೇ ಭೂತಗನ್ನಡಿಯಲ್ಲಿ ಮಿನಾರುಗಳ ಸೂಕ್ಷ್ಮ ಗೆರೆಗಳನ್ನೂ, ಬಾಗಿಲಿನೊಳಗಿರುವ, ಆಯಾ ನಿಜಾಮರ ಹೆಸರಿನ ಮೊದಲ ಅರಬಿ ಅಕ್ಷರವನ್ನೂ (ಮಹಬೂಬ್ ಅಲಿ ಖಾನರದಾದರೆ ಮೀಮ್, ಉಸ್ಮಾನ್ ಅಲಿ ಖಾನರದಾದರೆ ಐನ್), ಇಸವಿಯನ್ನೂ ಪರೀಕ್ಷಿಸುತ್ತೇನೆ.

ಅಂದದ ತೀರ್ಮಾನ ಬಹುಮಟ್ಟಿಗೆ ನಿಲ್ಲುವುದು ಮೇಲ್ಮೈಯ ಬಣ್ಣದ ಮೇಲೆ. ಬೆಳ್ಳಿ ತಾನಾಗಿ ಬೂದುಬಣ್ಣಕ್ಕೆ ತಿರುಗಿದಾಗ, ಉಜ್ಜು ತಗಲದ ಅಕ್ಷರಗಳ ಸಂದಿಯಲ್ಲಿ ಕಪ್ಪು ಗಾಢವಾಗಿ ನಿಂತು, ಉಬ್ಬಿದ ಭಾಗ ತಿಳಿಯಾಗಿ ಕಾಣುವುದರಿಂದ, ಸವೆದ ಚಿತ್ರವೂ ಎದ್ದು ತೋರುತ್ತದೆ. ಹುಣಸೆಹುಳಿಯಲ್ಲೋ ಪಾಲಿಷಿನಲ್ಲೋ ಉಜ್ಜಿದ ನಾಣ್ಯದಲ್ಲಿ ಈ ಅಂತರವೇ ಅಳಿಸಿಹೋಗಿರುತ್ತದೆ. ಗೆರೆಗಳು ಸವೆದಿದ್ದರೂ ಮೈ ಮಾತ್ರ ಹೊಸದರಂತೆ ಬೆಳ್ಳಗಿರುವುದು, ದೀಪಕ್ಕೆ ಓರೆಮಾಡಿದಾಗ ಒಂದೇ ದಿಕ್ಕಿನ ಕೂದಲೆಳೆಯಂಥ ಗೀರುಗಳು ಹೊಳೆಯುವುದು ಅದರ ಗುರುತು. ನಾಣ್ಯದ ಸ್ಥಿತಿಗೆ ಒಂದರಿಂದ 70ರವರೆಗೆ ಅಂಕ ಕೊಡುವ (ಅಂಕ ಹೆಚ್ಚಿದಷ್ಟೂ ಸವೆತ ಕಡಿಮೆ) ಶೆಲ್ಡನ್ ಮಾಪಕದಲ್ಲಿ 40 ಅಂಕದಷ್ಟು ವಿವರ ಉಳಿಸಿಕೊಂಡಿದ್ದರೂ ಉಜ್ಜಿಸಿಕೊಂಡ ನಾಣ್ಯಕ್ಕಿಂತ, 25ರ ಮಟ್ಟದ, ಎರಡೂ ಬದಿ ಸಮನಾಗಿ ಸವೆದು ಬೂದುಬಣ್ಣ ಕೆಡದ ನಾಣ್ಯವನ್ನೇ ನಾನು ಆರಿಸುತ್ತೇನೆ. ಹಾಗೆಂದು ಎಲ್ಲ ಕಪ್ಪೂ ಅಂದವಲ್ಲ. ತೇಪೆ ತೇಪೆಯಾಗಿ ಕಲೆ ಕಟ್ಟಿದ್ದರೆ ಅಂಕ ಕಡಿಮೆ.

ಏಟು ಎಲ್ಲಿ ಬಿದ್ದಿದೆ ಎಂಬುದೂ ಮುಖ್ಯ. ಅಂಚಿನ ಸಣ್ಣ ತಗ್ಗನ್ನು ಕ್ಷಮಿಸಬಹುದು, ಚಾರ್‌ಮಿನಾರಿನ ಕಮಾನಿಗೆ ಅಡ್ಡ ಎಳೆದ ಗೀರನ್ನು ಕಣ್ಣು ಕ್ಷಮಿಸುವುದಿಲ್ಲ. ಕೊರಳ ಸರಕ್ಕೆ ಕೊಂಡಿ ಬೆಸೆದು, ಆಮೇಲೆ ಅರದಿಂದ ತಿಕ್ಕಿ ತೆಗೆದ ಗುರುತು ಅಂಚಿನಲ್ಲಿದ್ದರೆ ಅದನ್ನು ಸವೆತವೆಂದು ಎಣಿಸದೆ ಹಾನಿಯೆಂದೇ ದಾಖಲಿಸುತ್ತೇನೆ. ಮಾರಲು ಬರುವವರು ತೊಳೆದು ತರಲೇ ಎಂದು ಕೇಳಿದರೆ, ಧೂಳಿದ್ದರೂ ಒರೆಸದೆ ಹಾಗೆಯೇ ತನ್ನಿರೆಂದು ಹೇಳುತ್ತೇನೆ.