ಒಂದೇ ಜೇಬು, ಒಂದೇ ತೋಟಾ

ಬೆಳಗಿನ ಜಾವ ಐದೂವರೆ. ಅಮೆರಿಕದ ಮಿನ್ನೆಸೋಟಾ ರಾಜ್ಯದ ಪಶ್ಚಿಮ ಭಾಗದಲ್ಲಿ ಒಂದು ಕೆರೆಯಂಚು, ಆಳೆತ್ತರದ ಆಪು ಹುಲ್ಲು, ಮೊಣಕಾಲುದ್ದ ಕೆಸರು. ಬಾತಿಗೆ ಕಾಯುತ್ತಾ, ಕೈ ಬೆಚ್ಚಗಾಗಲಿ ಅಂತ ಜಾಕೆಟಿನ ಒಳಜೇಬಿಗೆ ಕೈ ಹಾಕಿದೆ. ಬೆರಳಿಗೆ ಒಂದು ತೋಟಾ ಸಿಕ್ಕಿತು. ಟಾರ್ಚ್ ಹಿಡಿದು ನೋಡಿದರೆ ಸೀಸದ್ದು, ಆರನೇ ನಂಬರ್ ಚರೆ. ಹಿಂದಿನ ದಿನ ಒಬ್ಬ ರೈತರ ಜಮೀನಿನಲ್ಲಿ ಫೆಸೆಂಟ್ (ಕಾಡುಕೋಳಿಯಂಥ ಹಕ್ಕಿ) ಬೇಟೆಗೆ ಹೋಗಿದ್ದಾಗಿನ ಉಳಿಕೆ.

ಅಲ್ಲಿ ಅದು ತಪ್ಪಲ್ಲ. ಇಲ್ಲಿ ತಪ್ಪು. ಅಮೆರಿಕದಲ್ಲಿ 1991ರಿಂದ ಬಾತು, ಹೆಬ್ಬಾತುಗಳ ಬೇಟೆಗೆ ಸೀಸದ ಚರೆ ನಿಷೇಧ. ಹಾರಿಸದಿದ್ದರೂ ಸರಿ, ಬೇಟೆಯಾಡುವಾಗ ಜೇಬಿನಲ್ಲಿದ್ದರೂ ಕೇಸು. ಜೊತೆಗಿದ್ದ ಹಾಸನದ ಗೆಳೆಯ, "ನೀರಿಗೆ ಎಸೆದುಬಿಡು ಮಾರಾಯ" ಅಂದ. ಸೀಸ ಬೇಡ ಅಂತ ಕಾನೂನು ಮಾಡಿರುವುದೇ ಆ ನೀರಿಗೋಸ್ಕರ, ಅಲ್ವಾ? ಕಾರಿನ ತನಕ ನಡೆದು ಹೋಗಿ ಇಟ್ಟು ಬಂದೆ. ವಾಪಸ್ ಬರುವಷ್ಟರಲ್ಲಿ ಬೆಳಕಾಗಿತ್ತು. ಮೊದಲ ಹಿಂಡು ಬಂದು ಹೋಗಿತ್ತು.

ಅವತ್ತೇ ನಿರ್ಧಾರ ಮಾಡಿದೆ. ಬಾತಿಗೊಂದು, ಫೆಸೆಂಟಿಗೊಂದು ಅಂತ ಎರಡು ಜಾತಿ ತೋಟಾ ಇಟ್ಟುಕೊಳ್ಳುವುದು ಬೇಡ. ಎರಡಕ್ಕೂ ಆಗುವಂಥದ್ದು ಒಂದೇ ಇರಲಿ. ಅದನ್ನು ಹುಡುಕೋಕೆ ನನಗೆ ಎರಡು ಸೀಸನ್ ಹಿಡಿಯಿತು.

ನನ್ನ ಊರು ಕೊಡಗು. ಸೆಪ್ಟೆಂಬರ್ 3ಕ್ಕೆ ಕೈಲ್‌ಪೊದು ಬಂದರೆ ಮನೆಯ ಕೋವಿಗಳನ್ನೆಲ್ಲ ಒರೆಸಿ, ನಳಿಗೆಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡುತ್ತಿದ್ದೆವು. ನಾನು ಹೊಡೆದಿದ್ದು ಮಾತ್ರ ತೆಂಗಿನಕಾಯಿಗೆ. ಬೇಟೆ ನಿಲ್ಲಿಸಿದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಎಷ್ಟೋ ವರ್ಷದ ಮೇಲೆ ಹುಟ್ಟಿದವನು ನಾನು. ಶಿಕಾರಿ ಅನ್ನೋದು ಅಜ್ಜನ ಬಾಯಲ್ಲಿ ಕೇಳಿದ ಕತೆ ಅಷ್ಟೆ. ಹಕ್ಕಿ ಬೇಟೆ ಕಲಿತಿದ್ದು ಇಲ್ಲಿಗೆ ಬಂದ ಮೇಲೆ, ಗ್ರೀನ್ ಕಾರ್ಡ್ ಕೈಗೆ ಸಿಕ್ಕಿ, ಬಂದೂಕು ಸುರಕ್ಷತೆಯ ತರಬೇತಿ ಮುಗಿಸಿದ ಮೇಲೆ.

ಮೊದಲ ನಾಲ್ಕು ವರ್ಷ ಒಂದು ಹೊಸ ಪಂಪ್ ಕೋವಿ, ಸ್ಟೀಲ್ ತೋಟಾ. ಅಗ್ಗ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಹತ್ತಿರಕ್ಕೆ ಬಂದ ಬಾತಿಗೆ ಧಾರಾಳ ಸಾಕು. ಆಮೇಲೆ ಪಕ್ಕದ ಮನೆಯ ಹಿರಿಯರೊಬ್ಬರು, ಇನ್ನು ನನ್ನ ಕೈಲಾಗಲ್ಲ ಅಂತ ತಮ್ಮ ಜೋಡು ನಳಿಗೆ ಕೋವಿಯನ್ನು ನನಗೆ ಮಾರಿದರು. 12 ಬೋರ್, ಹಳೇ ಕಾಲದ್ದು, ಅಕ್ರೋಟು ಮರದ ಹಿಡಿ. ಕೈಗೆತ್ತಿಕೊಂಡರೆ ಅಜ್ಜನ ಕೋವಿಯ ನೆನಪು. ಸಮಸ್ಯೆ ಶುರುವಾಗಿದ್ದೂ ಅಲ್ಲಿಂದಲೇ.

ಕೋವಿ ರಿಪೇರಿಯವರ ಹತ್ತಿರ ತೋರಿಸಿದೆ. ಅವರು ಅಳತೆ ಕಡ್ಡಿ ಹಾಕಿ ನೋಡಿ ಎರಡು ಮಾತು ಹೇಳಿದರು. ಒಂದು, ತೋಟಾ ಕೂರುವ ಜಾಗ ಎರಡೂಮುಕ್ಕಾಲು ಇಂಚು, ಮೂರು ಇಂಚಿನ ತೋಟಾ ಹಾಕಲೇಬಾರದು. ಇನ್ನೊಂದು, ಬಲ ನಳಿಗೆಯ ತುದಿ ಮಾಡಿಫೈಡ್ ಚೋಕ್ (ಮಧ್ಯಮ ಬಿಗಿ), ಎಡದ್ದು ಫುಲ್ ಚೋಕ್ (ಪೂರ್ತಿ ಬಿಗಿ). ಸೀಸದ ಕಾಲದಲ್ಲಿ ಮಾಡಿದ ಬಿಗಿ ಅದು. ಸೀಸ ಮೆತ್ತಗೆ, ಬಿಗಿಯಲ್ಲಿ ಹಿಸುಕಿಕೊಂಡು ಹೊರಗೆ ಬರುತ್ತದೆ. ಸ್ಟೀಲ್ ಹಿಸುಕಿಕೊಳ್ಳಲ್ಲ. ಅಂಥ ತೆಳು ನಳಿಗೆಯಲ್ಲಿ ಹೊಡೆಯುತ್ತಾ ಹೋದರೆ ತುದಿಯ ಹತ್ತಿರ ಬಳೆ ತೊಡಿಸಿದ ಹಾಗೆ ಉಬ್ಬಿಕೊಳ್ಳಬಹುದು. ಹಾಗಾಗಿ ಈ ಕೋವಿಗೆ ಸ್ಟೀಲ್ ಬೇಡ.

ಸೀಸವೂ ಇಲ್ಲ, ಸ್ಟೀಲೂ ಇಲ್ಲ. ಮತ್ತೇನು?

ಅಂಗಡಿಯ ಕಪಾಟಿನಲ್ಲಿ ಉಳಿಯುವುದು ಮುಖ್ಯವಾಗಿ ಎರಡು, ಬಿಸ್ಮತ್ ಮತ್ತು ಟಂಗ್‌ಸ್ಟನ್. ಟಂಗ್‌ಸ್ಟನ್‌ನಲ್ಲೇ ಟಿಎಸ್‌ಎಸ್ (ಟಂಗ್‌ಸ್ಟನ್ ಸೂಪರ್ ಶಾಟ್) ಅಂತ ಒಂದಿದೆ. ಒಂದು ಘನ ಸೆಂಟಿಮೀಟರಿಗೆ 18 ಗ್ರಾಂ ತೂಕ. ಸೀಸವೇ 11 ಚಿಲ್ಲರೆ, ಸ್ಟೀಲ್ 7.8, ಚಿನ್ನ 19.3. ಅಂದರೆ ಟಿಎಸ್‌ಎಸ್ ಚಿನ್ನದ ನೆಂಟ, ಬೆಲೆಯಲ್ಲೂ ಹಾಗೇ ಆಡುತ್ತದೆ. ಒಂಬತ್ತನೇ ನಂಬರಿನ ಚರೆ, ಎರಡು ಮಿಲಿಮೀಟರ್ ದಪ್ಪದ್ದು, ಸಾಸಿವೆ ಕಾಳಿನಂಥದ್ದು. ಪಂಪ್ ಕೋವಿಯಲ್ಲಿ ನಾಲ್ಕೇ ನಾಲ್ಕು ಹೊಡೆದು ನೋಡಿದೆ. ದೂರದ ಕಾಗದಕ್ಕೂ ಜರಡಿ ಹಿಡಿದ ಹಾಗೆ ತೂತು ಬಿತ್ತು. ಟರ್ಕಿ ಕೋಳಿಗೆ ಕೂತು ಕಾದು ಒಂದೇ ಈಡು ಹೊಡೆಯುವವರಿಗೆ ಸರಿ. ಬಾತಿಗೆ ಗುರಿ ತಪ್ಪುವುದೇ ಜಾಸ್ತಿ ಇರುವ ನನ್ನಂಥವನಿಗೆ ಅದು ಶೋಕಿ. ಅದಲ್ಲದೆ ಟಿಎಸ್‌ಎಸ್ ಸ್ಟೀಲಿಗಿಂತಲೂ ಗಟ್ಟಿ. ಹಳೇ ನಳಿಗೆಯ ಹತ್ತಿರಕ್ಕೂ ತರಬಾರದು. ಟಂಗ್‌ಸ್ಟನ್ ಪುಡಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಲಸಿ ಮಾಡಿದ ಮೆತ್ತನೆ ಚರೆಯೂ ಇದೆ, ಹಳೇ ಕೋವಿಗೆ ಅದು ಆಗುತ್ತದೆ. ನನ್ನ ಕಡೆಯ ಅಂಗಡಿಗಳಲ್ಲಿ ಸಿಗಲಿಲ್ಲ.

ಇನ್ನೊಂದು ಮೋಸದ ಜಾಗ ಹೇಳಿಬಿಡುತ್ತೇನೆ. ಪೆಟ್ಟಿಗೆಯ ಮೇಲೆ ತಾಮ್ರದ ಲೇಪ, ನಿಕಲ್ ಲೇಪ ಅಂತ ಹೊಳೆಯುವ ಚರೆಯ ಚಿತ್ರ ಇರುತ್ತದೆ. ಎಷ್ಟೋ ಸಲ ಒಳಗಿರುವುದು ಸೀಸವೇ. ನಾನೂ ಒಂದು ಸಲ ಅದನ್ನು ಬಿಲ್ಲಿನ ತನಕ ಹೊತ್ತುಕೊಂಡು ಹೋಗಿದ್ದೆ. 'ನಾನ್ ಟಾಕ್ಸಿಕ್' ಅಂತ ಬರೆದಿದ್ದರೆ ಮಾತ್ರ ಕೈ ಹಾಕಿ.

ಹೀಗೆ ಕೊನೆಗೆ ಬಿಸ್ಮತ್. 9.6 ಗ್ರಾಂ ತೂಕ, ಸೀಸಕ್ಕೂ ಸ್ಟೀಲಿಗೂ ನಡುವೆ. ಮೆತ್ತಗಿದೆ, ಹಳೇ ಚೋಕಿಗೆ ಅಪಾಯ ಇಲ್ಲ. ಬಾತು ಕೆಸರಿನಲ್ಲಿ ಕಲ್ಲಿನ ಹರಳು ಅಂತ ನುಂಗಿದರೂ ವಿಷವಾಗುವುದಿಲ್ಲ. ಸೀಸದ ತೊಂದರೆ ಅದೇ ತಾನೇ, ಹಕ್ಕಿಯ ಕಲ್ಲುಹೊಟ್ಟೆಯಲ್ಲಿ ಹರಳಿನ ಜೊತೆ ಸವೆದು ಸವೆದು ರಕ್ತಕ್ಕೆ ಸೇರುತ್ತದೆ.

ನಂಬರ್ ಯಾವುದು ಅನ್ನೋದಕ್ಕೆ ಒಂದು ಸಂಜೆ ಪೂರ್ತಿ ಅಡುಗೆಮನೆಯ ಟೇಬಲ್ ಹಿಡಿದು ಕೂತೆ. ನಂಬರ್ ಏರಿದಷ್ಟೂ ಚರೆ ಸಣ್ಣದು. ಒಂದು ಸ್ಟೀಲ್ ನಾಲ್ಕು, ಒಂದು ಬಿಸ್ಮತ್ ಐದು, ಎರಡೂ ತೋಟಾದ ಬಾಯಿ ಕತ್ತರಿಸಿ ಚರೆ ಮಾತ್ರ ತಟ್ಟೆಗೆ ಸುರಿದೆ. ನೂರು ನೂರು ಎಣಿಸಿ, ಒಡವೆ ತೂಗುವ ಪುಟ್ಟ ತಕ್ಕಡಿಯಲ್ಲಿ ಇಟ್ಟೆ. ಸ್ಟೀಲ್ 14.8 ಗ್ರಾಂ, ಬಿಸ್ಮತ್ 14.2. ಬಹುತೇಕ ಒಂದೇ ತೂಕ, ಆದರೆ ಬಿಸ್ಮತ್ ಕಾಳು ಸಣ್ಣದು. ಸ್ಟೀಲಿನದ್ದು 3.3 ಮಿಲಿಮೀಟರ್, ಇದು ಮೂರು ಚಿಲ್ಲರೆ. ಅಷ್ಟೇ ತೂಕ, ಸಣ್ಣ ಮೈ ಅಂದರೆ ಗಾಳಿಯ ಅಡ್ಡಿ ಕಡಿಮೆ, ಗರಿಯೊಳಗೆ ಹೋಗುವುದು ಜಾಸ್ತಿ. ಅವತ್ತಿನಿಂದ ನನ್ನ ಲೆಕ್ಕ ಇದು: ಸ್ಟೀಲಿಗಿಂತ ಒಂದು ಸೈಜ್ ಸಣ್ಣದು, ಸೀಸಕ್ಕಿಂತ ಒಂದು ಸೈಜ್ ದೊಡ್ಡದು. ಸೀಸದ ಆರು ಬಳಸುತ್ತಿದ್ದ ಫೆಸೆಂಟಿಗೆ ಬಿಸ್ಮತ್ ಐದು. ಸ್ಟೀಲಿನ ನಾಲ್ಕು ಬಳಸುತ್ತಿದ್ದ ಬಾತಿಗೂ ಬಿಸ್ಮತ್ ಐದು. ಎರಡೂ ಒಂದೇ ಕಡೆ ಬಂದು ಕೂತಿತು ನೋಡಿ. (ಒಂದೆರಡು ಕಾಳು ಉರುಳಿ ಹೋಗಿ ಮಾರನೇ ದಿನ ಹೆಂಡತಿಯ ಕಾಲಿಗೆ ಸಿಕ್ಕವು. ಆ ಕತೆ ಬೇಡ.)

ಲೆಕ್ಕ ಸರಿ ಬಂದರೆ ಸಾಲದು, ಕಾಗದದ ಮೇಲೆ ಹೊಡೆದು ನೋಡಬೇಕು. ಮೀಟರ್ ಅಗಲದ ಕಾಗದ ಕಟ್ಟಿ, 40 ಗಜ ಅಳೆದು ನಿಂತೆ. ಹೊಡೆದ ಮೇಲೆ ತೂತು ದಟ್ಟ ಇರುವ ಕಡೆ 30 ಇಂಚಿನ ವೃತ್ತ ಬರೆದು, ಒಳಗಿನ ತೂತುಗಳಿಗೆ ಒಂದೊಂದಾಗಿ ಪೆನ್ನಿನಲ್ಲಿ ಚುಕ್ಕೆ ಇಡುತ್ತಾ ಎಣಿಸುವುದು. ಒಂದೂಕಾಲು ಔನ್ಸ್ ತೋಟಾದಲ್ಲಿ ಸುಮಾರು 250 ಚರೆ ಇತ್ತು. ಬಲ ನಳಿಗೆಯಲ್ಲಿ 141 ವೃತ್ತದೊಳಗೆ, ಎಡದಲ್ಲಿ 170. ನನಗೆ ಬೇಕಾದಷ್ಟಾಯಿತು. ಆದರೆ ಕಾಗದದಲ್ಲಿ ಅಲ್ಲಲ್ಲಿ ದುಂಡಗಿಲ್ಲದ, ಹರಕು ಮುರುಕು ಸಣ್ಣ ತೂತುಗಳೂ ಕಂಡವು. ಅವು ಒಡೆದ ಚರೆ. ಬಿಸ್ಮತ್ತಿನ ದೋಷವೇ ಅದು, ಮೆತ್ತಗಿದ್ದರೂ ಪೆಡಸು. ಸ್ವಲ್ಪ ತವರ ಬೆರೆಸುತ್ತಾರೆ, ಆದರೂ ಕೆಲವು ಒಡೆಯುತ್ತವೆ. ಒಡೆದ ಚೂರಿಗೆ ದೂರ ಹೋಗುವ ಕಸುವು ಇಲ್ಲ. ಅದಕ್ಕೇ ನಾನು 35 ಗಜದ ಆಚೆ ಕೋವಿ ಎತ್ತುವುದಿಲ್ಲ.

ಬೆಲೆ ಬಗ್ಗೆ ಕೇಳಬೇಡಿ ಅನ್ನಲಾರೆ. ನಾನು ಕೊಂಡಾಗ ಸ್ಟೀಲಿನ 25 ತೋಟಾಕ್ಕೆ 20 ಡಾಲರಿನ ಆಸುಪಾಸು, ಬಿಸ್ಮತ್ತಿಗೆ ಅದರ ಎರಡರಷ್ಟಕ್ಕೂ ಮೇಲೆ. ನಾನು ಸೀಸನ್ನಿಗೆ ನಾಲ್ಕು ಪೆಟ್ಟಿಗೆಗಿಂತ ಜಾಸ್ತಿ ಹೊಡೆಯುವವನಲ್ಲ. ಗಾಳಿಗೆ ಹಾರಿಸುವ ಮಣ್ಣಿನ ಬಿಲ್ಲೆಗೆ ಗುರಿ ಅಭ್ಯಾಸ ಮಾಡೋಕೆ ಅಗ್ಗದ ಮಾಲು ಬೇರೆ ಇದೆ, ಅದನ್ನು ಬೇಟೆಯ ಜಾಕೆಟಿಗೆ ಹಾಕುವುದೇ ಇಲ್ಲ. ವಾರವಾರವೂ ಹೆಬ್ಬಾತಿಗೆ ಹೋಗುವ ಗೆಳೆಯ ಈಗಲೂ ಸ್ಟೀಲೇ. ಅವನ ಲೆಕ್ಕಕ್ಕೆ ಅದೇ ಸರಿ.

ಈಗ ಅಕ್ಟೋಬರ್ ನಡುವೆ ನನ್ನ ದಿನ ಹೀಗೆ. ವಾಟರ್‌ಫೌಲ್ ಪ್ರೊಡಕ್ಷನ್ ಏರಿಯಾ ಅಂತ ಕರೆಯುವ ಸರ್ಕಾರಿ ಜಾಗಗಳಿವೆ, ನಾವು ಬಾತು ಬೇಟೆಗೆ ಕೊಳ್ಳುವ 25 ಡಾಲರಿನ ಡಕ್ ಸ್ಟ್ಯಾಂಪ್ ದುಡ್ಡಿನಲ್ಲಿ ಎಷ್ಟೋ ಜಾಗ ಕೊಂಡಿದ್ದಾರೆ. ಅಲ್ಲಿ ಫೆಸೆಂಟಿಗೂ ಸೀಸ ನಡೆಯಲ್ಲ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲು ನೀರಿನಂಚಿನಲ್ಲಿ ಕೂರುತ್ತೇನೆ. ಫೆಸೆಂಟ್ ಸಮಯ ಶುರುವಾಗುವುದು 9 ಗಂಟೆಗೆ. ಬಾತು ಸಿಗಲಿ ಬಿಡಲಿ, ಕೆಸರಿನ ಬೂಟು ಕಳಚಿ, ಅದೇ ಜೇಬು, ಅದೇ ಕೋವಿ ಹಿಡಿದು ಹುಲ್ಲುಗಾವಲಿಗೆ ಹತ್ತುತ್ತೇನೆ. ಜೇಬು ತಡಕುವ ಕೆಲಸ ಇಲ್ಲ.

ಒಮ್ಮೆ ಬೇಟೆ ನಿಯಮ ನೋಡಿಕೊಳ್ಳುವ ವಾರ್ಡನ್ ಬಂದರು. ಜೇಬಿನಿಂದ ಅಯಸ್ಕಾಂತ ತೆಗೆದು ನನ್ನ ತೋಟಾಕ್ಕೆ ತಾಗಿಸಿದರು. ಅಂಟಲಿಲ್ಲ. ಸ್ಟೀಲ್ ಆಗಿದ್ದರೆ ಅಂಟುತ್ತಿತ್ತು. ಬಿಸ್ಮತ್ ಅಂಟಲ್ಲ, ಸೀಸವೂ ಅಂಟಲ್ಲ. ಅವರು ತಲೆ ಎತ್ತಿ ನನ್ನ ಮುಖ ನೋಡಿದರು. ತೋಟಾದ ಮೈಮೇಲಿನ ಅಕ್ಷರ ತೋರಿಸಿದೆ, ಓದಿ ನಕ್ಕು ಹೋದರು. ಅವತ್ತಿನಿಂದ ಪೆಟ್ಟಿಗೆಯ ಮುಚ್ಚಳ ಹರಿದು ಲೈಸೆನ್ಸಿನ ಜೊತೆಗೇ ಇಟ್ಟುಕೊಳ್ಳುತ್ತೇನೆ.

ಅಯಸ್ಕಾಂತಕ್ಕೆ ಅಂಟದಿರುವುದು ಮನೆಯಲ್ಲೂ ಕೆಲಸ ಕೊಡುತ್ತದೆ. ಸ್ಟೀಲ್ ಇದ್ದಾಗ ಮಾಂಸದ ಮೇಲೆ ಅಯಸ್ಕಾಂತ ಆಡಿಸಿ ಚರೆ ಹುಡುಕುತ್ತಿದ್ದೆ. ಒಂದು ತಪ್ಪಿಸಿಕೊಂಡು ಗೆಳೆಯನ ದವಡೆ ಹಲ್ಲಿನ ಚೂರು ಹಾರಿಸಿತ್ತು. ಈಗ ಬೆರಳೇ ಗತಿ. ಪುಕ್ಕ ತರಿದ ಎದೆಯನ್ನು ಬೆಳಕಿಗೆ ಹಿಡಿದರೆ ನೇರಳೆ ಬಣ್ಣದ ಚುಕ್ಕೆ ಕಾಣುತ್ತದೆ. ಅದರೊಳಗೆ ಸುರುಳಿ ಸುತ್ತಿದ ಒಂದು ಎಳೆ ಗರಿ. ಚಾಕುವಿನ ಮೊನೆಯಲ್ಲಿ ಗರಿ ಎಳೆದರೆ ಅದರ ಹಿಂದೆಯೇ ಚರೆ ಬರುತ್ತದೆ. ಅಷ್ಟಾದ ಮೇಲೆ ಕರಿಮೆಣಸು, ಊರಿಂದ ತಂದ ಕಾಚಂಪುಳಿ ಅನ್ನೋ ಕಪ್ಪು ಹುಳಿ. ಬಾತಿಗೆ ಅದು ಹಂದಿಗಿಂತಲೂ ಚೆನ್ನಾಗಿ ಹೊಂದುತ್ತದೆ ಅಂತ ನನ್ನ ಹಟ. ಅಮ್ಮ ಇನ್ನೂ ಒಪ್ಪಿಲ್ಲ.