ಬಾಬೆಲ್ ಎಂದರೆ ಯಾವ ಊರು? ಪ್ರವಾದನೆಯ ಪಟ್ಟಣಗಳನ್ನು ಓದಿಸುವ ಬಗೆ

ಬೀದರ್, ಕಲಬುರಗಿ ಕಡೆಯ ಸಭೆಗಳಲ್ಲಿ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ ಓದಿಸುವವರಿಗೆ ಬೇಗ ಎದುರಾಗುವ ಪ್ರಶ್ನೆ ಇದು: ಬಾಬೆಲ್ (ಬ್ಯಾಬಿಲೋನ್) ನಿಜವಾದ ಊರೋ, ಬರೀ ಸಂಕೇತವೋ? ಎರಡರಲ್ಲಿ ಒಂದನ್ನು ಆರಿಸಿ ಎಂದು ಕೂತರೆ ಅಧ್ಯಯನ ಅಲ್ಲೇ ದಾರಿ ತಪ್ಪುತ್ತದೆ.

ನಮ್ಮವರಿಗೆ ಉದಾಹರಣೆ ಹತ್ತಿರದಲ್ಲೇ ಇದೆ. ಬಸವಕಲ್ಯಾಣ ಬಸ್ಸು ಹತ್ತಿ ಹೋಗಬಹುದಾದ ಊರು, ಚಾಲುಕ್ಯರ ರಾಜಧಾನಿ. ಆದರೆ ‘ಮತ್ತೆ ಕಲ್ಯಾಣ ಕಟ್ಟೋಣ’ ಎನ್ನುವವರು ಕೋಟೆಯ ಕಲ್ಲು ಗಾರೆ ಹುಡುಕುತ್ತಿಲ್ಲ. ಊರು ಇದ್ದದ್ದರಿಂದಲೇ ಆ ಹೆಸರಿಗೆ ತೂಕ ಬಂತು. ಈ ಮಾತಿನಿಂದ ಶುರುಮಾಡಿ.

ಒಂದೂವರೆ ಗಂಟೆ ಇಟ್ಟುಕೊಳ್ಳಿ. ಇಬ್ಬರಿಗೊಂದು ಬೈಬಲ್, ಎರಡು ಬಣ್ಣದ ಪೆನ್ಸಿಲ್, ಯೂಫ್ರೆಟಿಸ್ ನದಿಯೂ ಮೆಡಿಟರೇನಿಯನ್ ಕರಾವಳಿಯೂ ಕಾಣುವ ನಕಾಶೆ ಸಾಕು.

ಅರ್ಧ ಸಮಯ ಹಳೆಯ ಊರಿಗೇ ಕೊಡಿ. ಯೆಶಾಯ 13, ಯೆರೆಮೀಯ 50–51 ಓದಿಸಿ, ಜಾಗ, ರಾಜ, ಸೈನ್ಯದ ಹೆಸರುಗಳಿಗೆ ನೀಲಿ ಗೆರೆ ಎಳೆಸಿ. ಇಲ್ಲಿ ಆಗುವ ದೊಡ್ಡ ತಪ್ಪು, ಕ್ರಿ.ಪೂ. 539ರಲ್ಲಿ ಪರ್ಷಿಯದ ರಾಜ ಕೋರೆಷ (ಸೈರಸ್) ಬಂದ ದಿನವೇ ಬಾಬೆಲ್ ನೆಲಸಮವಾಯಿತು ಎನ್ನುವುದು. ಆಗಲಿಲ್ಲ. ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರ್ ಸತ್ತದ್ದೂ ಅದೇ ಊರಲ್ಲಿ. ಅದು ಬರಿದಾದದ್ದು ಶತಮಾನಗಳಲ್ಲಿ, ನಿಧಾನಕ್ಕೆ. ಹಾಗಾದರೆ ದೇವರು ಕೆಡವಿದ ಸೊದೋಮಿನಂತೆ ಬಾಬೆಲೂ ನಾಶ ಎಂಬ ಯೆಶಾಯ 13:19ರ ಮಾತು? ಅದು ಪ್ರವಾದಿಯ ಕಾವ್ಯಭಾಷೆ ಎಂದು ಕೆಲವರು, ಪೂರ್ತಿ ನೆರವೇರಿಕೆ ಇನ್ನೂ ಮುಂದಿದೆ ಎಂದು ಕೆಲವರು. ಎರಡನ್ನೂ ಹೇಳಿ, ಮುಚ್ಚಿಡಬೇಡಿ.

ತೂರ್ ಪಟ್ಟಣದಲ್ಲಿಯೂ ಹೀಗೇ. ಯೆಹೆಜ್ಕೇಲ 26ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನ ಬಗ್ಗೆ ‘ಅವನು’ ಎಂದಿದ್ದ ಮಾತು 12ನೇ ವಚನದಲ್ಲಿ ‘ಅವರು’ ಆಗುತ್ತದೆ. ಕಲ್ಲು, ಮರ, ಮಣ್ಣು ನೀರಿಗೆ ಬೀಳುತ್ತವೆ. ಕ್ರಿ.ಪೂ. 332ರಲ್ಲಿ ಅಲೆಕ್ಸಾಂಡರ್ ದಡದ ಹಳೇ ಊರಿನ ಅವಶೇಷಗಳನ್ನೇ ಸಮುದ್ರಕ್ಕೆ ಸುರಿದು, ತೂರಿನ ಇನ್ನೊಂದು ಭಾಗವಿದ್ದ ದ್ವೀಪಕ್ಕೆ ದಾರಿ ಹಾಕಿದ. ಇಷ್ಟು ಹೇಳಿ ನಿಲ್ಲಿಸಿದರೆ ಮೋಸವಾದೀತು: ನೆಬೂಕದ್ನೆಚ್ಚರನ ಸೈನ್ಯಕ್ಕೆ ತೂರಿನಿಂದ ಕೂಲಿ ಸಿಗಲಿಲ್ಲ ಎಂದು 29:18 ಹೇಳುತ್ತದೆ, ಲೆಬನಾನಿನ ಆ ಊರಲ್ಲಿ ಈಗಲೂ ಜನ ಇದ್ದಾರೆ.

ಈಗ ಬಕೆಟ್ ನೀರು ತನ್ನಿ. ಹಾಳೆಯೊಂದನ್ನು ಸುರುಳಿ ಸುತ್ತಿ, ಮುಷ್ಟಿ ಗಾತ್ರದ ಕಲ್ಲಿಗೆ ದಾರದಿಂದ ಎರಡು ಸುತ್ತು ಬಿಗಿದು ಮುಳುಗಿಸಿ. ಸಡಿಲ ಕಟ್ಟಿದರೆ ಹಾಳೆ ಮೇಲೆ ತೇಲಿ ಪಾಠವೇ ಕೆಡುತ್ತದೆ. ಯೆರೆಮೀಯ 51:63ರಲ್ಲಿ ಬಾಬೆಲಿನ ಕೇಡು ಬರೆದ ಸುರುಳಿ ಯೂಫ್ರೆಟಿಸಿಗೆ ಬಿದ್ದದ್ದು ಹೀಗೇ. ಬಳಿಕ ಪ್ರಕಟನೆ 18:21 ಓದಿಸಿ: ಅದೇ ಕಲ್ಲು ಬೀಸುವ ಕಲ್ಲಿನಷ್ಟಾಗಿ ಸಮುದ್ರಕ್ಕೆ ಬೀಳುತ್ತದೆ. ಸಂಕೇತ ಹುಟ್ಟುವ ಕ್ಷಣವನ್ನು ಜನ ಕಣ್ಣಾರೆ ಕಾಣುತ್ತಾರೆ.

ಸಂಕೇತಗಳಿಗೆ ಕೆಂಪು ಪೆನ್ಸಿಲ್, ಇಲ್ಲಿಂದ. ಪ್ರಕಟನೆ 18:12–13ರ ಸರಕಿನ ಪಟ್ಟಿ ಚಿನ್ನದಲ್ಲಿ ಶುರುವಾಗಿ ಮನುಷ್ಯಪ್ರಾಣಗಳಲ್ಲಿ ಮುಗಿಯುತ್ತದೆ. ಪಕ್ಕದಲ್ಲಿ ಯೆಹೆಜ್ಕೇಲ 27 ಇಟ್ಟರೆ ಗುಟ್ಟು ಬಯಲು: ಹಡಗು, ನಾವಿಕರು, ಗೋಳಾಟ ಎಲ್ಲ ತೂರಿನವು. ಪ್ರಕಟನೆ 17 ಬಾಬೆಲನ್ನು ಒಬ್ಬ ಹೆಂಗಸಾಗಿ, ವೇಶ್ಯೆಯಾಗಿ ಚಿತ್ರಿಸುತ್ತದೆ; ಅದೇ ಬಯ್ಗುಳ ನಹೂಮ 3:4ರಲ್ಲಿ ಅಸ್ಸೀರಿಯದ ನಿನೆವೆ ಪಟ್ಟಣಕ್ಕೂ ಬಿದ್ದಿದೆ. ಅವಳು ಕೂತ ಏಳು ಬೆಟ್ಟಗಳು (ಪ್ರಕಟನೆ 17:9) ಆ ಕಾಲದ ಓದುಗರಿಗೆ ರೋಮ್. ಬಾಬೆಲಿನ ಹೆಸರು, ತೂರಿನ ಸರಕು, ರೋಮಿನ ಬೆಟ್ಟ ಒಂದೇ ಹೆಂಗಸಿನ ಮೇಲೆ! ಇದನ್ನು ಒಂದೇ ಊರಿಗೆ ಕಟ್ಟಿಹಾಕಲು ಪಠ್ಯವೇ ಬಿಡುವುದಿಲ್ಲ. ಪ್ರಕಟನೆ 11:8 ಇನ್ನೂ ನೇರ: ಕರ್ತನು ಶಿಲುಬೆಗೇರಿದ ಪಟ್ಟಣಕ್ಕೆ ಗೂಢಾರ್ಥದಲ್ಲಿ ಸೊದೋಮ್, ಐಗುಪ್ತ ಎಂಬ ಹೆಸರು.

ಪಕ್ಕದ ಬೀದಿಯ ಬೇರೆ ಸಭೆಯನ್ನು ‘ಬಾಬೆಲ್’ ಎಂದು ಬೆರಳು ಮಾಡಲು ಯಾರಿಗೂ ಆಸ್ಪದ ಕೊಡಬೇಡಿ. ‘ನನ್ನ ಜನರೇ, ಹೊರಗೆ ಬನ್ನಿರಿ’ ಎಂಬ ಕರೆ (18:4) ತಮಗೇ ಎಂದು ಓದಲಿ. ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಇದೇ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು ಯೆರೆಮೀಯ 29:7 ಹೇಳುತ್ತದೆ; ಮುಂದಿನ ವಾರ ಅದನ್ನೇ ತೆಗೆಯಿರಿ.