ಮೊದಲು ಮೈ, ಆಮೇಲೆ ಬಾಯಿ: ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು ಹೀಗೆ

ಒಂದನೇ ಕ್ಲಾಸಿನಲ್ಲಿ ಎ ಬಿ ಸಿ ಡಿ ತಿದ್ದಿಸುವುದಕ್ಕೂ ಮೊದಲೇ ಇಂಗ್ಲಿಷ್ ಶುರು ಮಾಡಬಹುದು. ಶಿಕ್ಷಕರು ಆಜ್ಞೆ ಕೊಡುತ್ತಾರೆ, ಮಕ್ಕಳು ಬಾಯಿ ಬಿಡದೆ ಮಾಡಿ ತೋರಿಸುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಷರ್ 1960ರ ದಶಕದಲ್ಲಿ ರೂಪಿಸಿದ ಈ ಕ್ರಮಕ್ಕೆ ಟೋಟಲ್ ಫಿಸಿಕಲ್ ರೆಸ್ಪಾನ್ಸ್ (ಟಿಪಿಆರ್) ಎಂದು ಹೆಸರು.

ದಿನಕ್ಕೆ ಮೂರೇ ಆಜ್ಞೆ, 10 ನಿಮಿಷ ಸಾಕು. ಮೊದಲ ದಿನ ‘ಸ್ಟ್ಯಾಂಡ್ ಅಪ್’, ‘ಸಿಟ್ ಡೌನ್’, ‘ವಾಕ್’. ಇಬ್ಬರು ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಹೇಳುತ್ತಾ ನೀವೂ ಮಾಡಿ, ನಾಲ್ಕೈದು ಸಲ. ಆಮೇಲೆ ಇಡೀ ಕ್ಲಾಸು. ಕನ್ನಡದಲ್ಲಿ ಅರ್ಥ ಹೇಳಬೇಡಿ. ಹೇಳಿದರೆ ಮಕ್ಕಳು ಕನ್ನಡಕ್ಕೇ ಕಾಯುತ್ತಾರೆ.

ಮುಂದಿನ ಹೆಜ್ಜೆಯೇ ಮುಖ್ಯ, ಬಿಟ್ಟುಹೋಗುವುದೂ ಅದೇ. ಈಗ ನೀವು ಕೈಕಟ್ಟಿ ನಿಂತು ಬರೀ ಹೇಳಬೇಕು. ನಿಮ್ಮ ಕಣ್ಣು ಬಾಗಿಲ ಕಡೆ ಹೊರಳಿದರೂ ಸಾಕು, ಮಕ್ಕಳು ಅದನ್ನೇ ಹಿಡಿದುಬಿಡುತ್ತಾರೆ, ಕಿವಿಗೆ ಕೆಲಸವೇ ಇರುವುದಿಲ್ಲ. ಕ್ರಮವನ್ನೂ ಬದಲಿಸುತ್ತಿರಿ. ‘ಸ್ಟ್ಯಾಂಡ್’ ಆದ ಮೇಲೆ ‘ಸಿಟ್’ ಎಂಬುದು ರೂಢಿಯಾದರೆ ಕೇಳದೆಯೇ ಕೂರುತ್ತಾರೆ. ನಿಜಕ್ಕೂ ಕಲಿತರೇ ಎಂದು ನೋಡಲು ಹೊಸ ಜೋಡಣೆ ಕೊಡಿ: ‘ವಾಕ್ ಟು ದ ಡೋರ್’, ‘ಟಚ್ ದ ಬ್ಯಾಗ್’ ಬಲ್ಲ ಮಗುವಿಗೆ ‘ಟಚ್ ದ ಡೋರ್’ ಅನ್ನಿ. ತಡವರಿಸಿದರೆ ಗದರದೆ ನೀವೇ ಒಮ್ಮೆ ಮಾಡಿ ತೋರಿಸಿ.

‘ಲೆಫ್ಟ್’, ‘ರೈಟ್’ ಕಲಿಸುವಾಗ ಮಕ್ಕಳಿಗೆ ಬೆನ್ನು ಮಾಡಿ ನಿಲ್ಲಿ; ಎದುರು ನಿಂತರೆ ನಿಮ್ಮ ಬಲಗೈ ನೋಡಿ ಅವರು ಎಡಗೈ ಎತ್ತುತ್ತಾರೆ. ‘ವಾಕು’, ‘ಜಂಪು’ ಎಂದು ಉಕಾರ ಸೇರಿಸುವ ನಮ್ಮ ಚಾಳಿಯ ಮೇಲೂ ಗಮನವಿರಲಿ.

ತಪ್ಪಿದವರು ಔಟ್ ಎನ್ನುವ ಆಟ ಖಂಡಿತ ಬೇಡ. ಹೆಚ್ಚು ಅಭ್ಯಾಸ ಬೇಕಾದ ಮಗುವೇ ಮೊದಲು ಮೂಲೆ ಸೇರುತ್ತದೆ. ನಲಿ-ಕಲಿಯಂತೆ ಒಂದರಿಂದ ಮೂರನೇ ತರಗತಿಯವರು ಒಟ್ಟಿಗಿದ್ದರೆ ಚಿಕ್ಕವರಿಗೆ ‘ಜಂಪ್’, ದೊಡ್ಡವರಿಗೆ ‘ಜಂಪ್ ತ್ರೀ ಟೈಮ್ಸ್ ಅಂಡ್ ಸಿಟ್ ಡೌನ್’. ಕೋಣೆ ಇಕ್ಕಟ್ಟಾಗಿದ್ದರೆ ‘ಪುಟ್ ದ ಪೆನ್ಸಿಲ್ ಅಂಡರ್ ದ ಬುಕ್’ ಎಂಬಂಥವು ಸಾಕು.

ಮಾತಾಡಿಸಲು ಅವಸರ ಬೇಡ. ಆಷರ್ ಲೆಕ್ಕದಲ್ಲಿ ಸುಮಾರು 10ರಿಂದ 20 ಗಂಟೆ ಕೇಳಿಸಿಕೊಂಡ ಮೇಲೆ ಮಾತಿನ ಸರದಿ. ದಿನಕ್ಕೆ 10 ನಿಮಿಷದಂತೆ 60ರಿಂದ 120 ಶಾಲಾ ದಿನ. ಆಗ ಮಕ್ಕಳೇ ಆಜ್ಞೆ ಕೊಡಲಿ, ನೀವು ಮಾಡಿ. ‘ಪ್ಲೀಸ್’ ಸೇರಿಸಲು ಇದೇ ತಕ್ಕ ಸಮಯ, ಇಲ್ಲದಿದ್ದರೆ ಮನೆಯಲ್ಲಿ ಅಜ್ಜನಿಗೂ ‘ಸಿಟ್ ಡೌನ್’ ಬೀಳುತ್ತದೆ! ‘ಯೆಸ್ಟರ್ಡೇ’, ‘ವೈ’, ‘ಲೈಕ್’ ಇಂಥವು ಮಾತ್ರ ಆಜ್ಞೆಗೆ ಸುಲಭವಾಗಿ ಸಿಗುವುದಿಲ್ಲ. ಅವನ್ನು ಕತೆ, ಚಿತ್ರಗಳಿಂದಲೇ ಕಲಿಸಿ.